ಆಕ್ಷನ್ ಚಿತ್ರಕ್ಕೆ ಸಿಂಥ್ ಮತ್ತು ರಾಕ್ ಹಿನ್ನೆಲೆ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಷನ್ ಚಿತ್ರಕ್ಕೆ ಮೊದಲ ಸಲ ಹಿನ್ನೆಲೆ ಸಂಗೀತ ಮಾಡಲು ಹೊರಟವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಸಿಂಥ್ ಅಂದರೆ ಸಿಂಥಸೈಜರ್, ಸದ್ದನ್ನು ವಿದ್ಯುತ್ತಿನಲ್ಲಿ ಹುಟ್ಟಿಸುವ ವಾದ್ಯ; ಸ್ಕೋರ್ ಅಂದರೆ ಚಿತ್ರದ ಹಿನ್ನೆಲೆ ಸಂಗೀತ. ಕೀಬೋರ್ಡ್ ಮೇಲೆ ಕೈ ಓಡುತ್ತದೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸಿ ಅಭ್ಯಾಸ ಇದೆ ಅಂದುಕೊಂಡು ಬರೆದಿದ್ದೇನೆ. ಮೇಲಿಂದ ಕೆಳಗೆ ಓದಲೇಬೇಕು ಅಂತೇನಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ.

ಸಿಂಥ್ ಒಂದೇ ಸಾಕಲ್ವಾ? ಗಿಟಾರ್ ಯಾಕೆ ಬೇಕು?

ಸಾಕು. ಬರೀ ಸಿಂಥ್‌ನಲ್ಲೇ ಆದ ಒಳ್ಳೆಯ ಸ್ಕೋರ್‌ಗಳು ಬೇಕಾದಷ್ಟಿವೆ. ಜಾರ್ಜಿಯೋ ಮೊರೋಡರ್ 1978ರ 'ಮಿಡ್‌ನೈಟ್ ಎಕ್ಸ್‌ಪ್ರೆಸ್'ಗೆ ಬಹುಪಾಲು ಸಿಂಥ್‌ನಲ್ಲೇ ಸಂಗೀತ ಮಾಡಿ ಆಸ್ಕರ್ ಗೆದ್ದರು. ಅಲ್ಲಿಂದಾಚೆಗೆ ಸಿಂಥ್ ಸ್ಕೋರ್ ಅಂದರೆ ಅಗ್ಗದ ಚಿತ್ರದ ಲಕ್ಷಣ ಅನ್ನುವ ಮಾತು ಕಡಿಮೆಯಾಯಿತು.

ಆದರೆ ಎರಡರ ಕೆಲಸ ಬೇರೆ ಬೇರೆ. ಸಿಂಥ್‌ಗೆ ದಣಿವಿಲ್ಲ. ಒಂದೇ ನೋಟನ್ನು ಮೂರು ನಿಮಿಷ ಒಂದೇ ಸಮ ಹೊಡೆಯುತ್ತಾ ಇರುತ್ತದೆ. ಕೇಳುವವರಿಗೆ ಭಯ ಹುಟ್ಟುವುದೇ ಅದರಿಂದ. ಹಿಂದೆ ಬರುತ್ತಿರುವುದು ನಿಲ್ಲುವುದಿಲ್ಲ ಅಂತ ಕಿವಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಗಿಟಾರ್‌ನಲ್ಲಿ ಹಾಗಲ್ಲ. ಬೆರಳು ಜಾರಿದ್ದು, ಪಿಕ್ ಉಜ್ಜಿದ್ದು, ತಂತಿ ಎಳೆದದ್ದು ಎಲ್ಲ ಕೇಳಿಸುತ್ತದೆ. ಅಲ್ಲಿ ಒಬ್ಬ ಮನುಷ್ಯ ಇದ್ದಾನೆ.

ನನ್ನ ಲೆಕ್ಕದಲ್ಲಿ ಸಿಂಥ್ ತಾಳ ಹಿಡಿಯುತ್ತದೆ, ಗಿಟಾರ್ ಪಕ್ಷ ಹಿಡಿಯುತ್ತದೆ. ಗಿಟಾರ್ ಶುರುವಾದ ಕೂಡಲೇ ಪ್ರೇಕ್ಷಕರು ತೆರೆಯ ಮೇಲಿರುವ ಯಾರದೋ ಕಡೆ ಸೇರಿಕೊಳ್ಳುತ್ತಾರೆ. ಹಾಗಾಗಿ ಅದನ್ನು ಮೊದಲ ಹತ್ತು ನಿಮಿಷದಲ್ಲೇ ಸುರಿದು ಮುಗಿಸಬೇಡಿ. ಈ ಪುಟದಲ್ಲಿ ಮುಂದೆ ಹೇಳುವ ಮುಕ್ಕಾಲು ಪಾಲು ಮಾತು ಇದೇ ಹಂಚಿಕೆಯಿಂದ ಬಂದದ್ದು.

ಕೆಲಸ ಎಲ್ಲಿಂದ ಶುರು ಮಾಡಲಿ?

ಸ್ಪಾಟಿಂಗ್‌ನಿಂದ. ನಿರ್ದೇಶಕರು ಮತ್ತು ಎಡಿಟರ್ ಜೊತೆ ಕೂತು ಇಡೀ ಚಿತ್ರ ನೋಡಿ. ಸಂಗೀತ ಎಲ್ಲಿ ಶುರು, ಎಲ್ಲಿ ನಿಲ್ಲಬೇಕು, ಎಲ್ಲಿ ಬೇಡವೇ ಬೇಡ ಅಂತ ಟೈಮ್‌ಕೋಡ್ ಸಮೇತ ಬರೆದುಕೊಳ್ಳಿ. ಪ್ರತಿ ಸಂಗೀತದ ತುಣುಕಿಗೂ, ಅಂದರೆ ಕ್ಯೂಗೂ, ಒಂದು ನಂಬರ್ ಕೊಡಿ. ರೂಢಿಯಲ್ಲಿರುವುದು 2ಎಂ3 ಥರದ ಹೆಸರು: ಎರಡನೇ ರೀಲಿನ ಮೂರನೇ ಕ್ಯೂ ಅಂತ ಅರ್ಥ. ಈಗ ರೀಲ್ ಯಾರ ಕೈಯಲ್ಲೂ ಇಲ್ಲ, ಆದರೆ ಚಿತ್ರವನ್ನು ಸುಮಾರು 20 ನಿಮಿಷದ ತುಂಡುಗಳಾಗಿ ಕತ್ತರಿಸಿ ಕೆಲಸ ಮಾಡುವ ಪದ್ಧತಿ ಹಾಗೇ ಉಳಿದಿದೆ.

"ಎಲ್ಲಿ ಬೇಡ" ಅನ್ನುವುದನ್ನು ಆವತ್ತೇ ಗಟ್ಟಿ ಮಾಡಿಕೊಳ್ಳಿ. ಆಕ್ಷನ್ ಚಿತ್ರದಲ್ಲಿ ಮೌನ ಕೇಳಿ ಪಡೆಯಬೇಕಾದ ವಸ್ತು, ಆಮೇಲೆ ಯಾರೂ ಕೊಡುವುದಿಲ್ಲ.

ಟೆಂಪೋ ಹೇಗೆ ಹುಡುಕುವುದು?

ಜನ ಇದನ್ನು ಸ್ಫೂರ್ತಿಗೆ ಬಿಡುತ್ತಾರೆ. ಬೇಡ, ಕ್ಯಾಲ್ಕುಲೇಟರ್ ತೆಗೆಯಿರಿ.

ಮೊದಲು ದೃಶ್ಯವನ್ನು ಸದ್ದಿಲ್ಲದೆ ನೋಡಿ, ಮೇಜಿನ ಮೇಲೆ ಬೆರಳಲ್ಲಿ ತಟ್ಟಿ. ಕಟ್‌ಗಳ ಓಟಕ್ಕೆ ಕೈ ತಾನಾಗಿ ಒಂದು ವೇಗ ಹಿಡಿಯುತ್ತದೆ. ಅದು ಸುಮಾರು 125ರಿಂದ 130 ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟ್) ಅಂತಿಟ್ಟುಕೊಳ್ಳಿ. ಈಗ ತಪ್ಪಿಸಲಾಗದ ಜಾಗಗಳನ್ನು ಗುರುತು ಹಾಕಿ. ಒಂದು ಕಾರ್ ಚೇಸ್ ಇದೆ. ಕ್ಯೂ ಶುರುವಾದ 11.25 ಸೆಕೆಂಡಿಗೆ ಕಾರು ಒಮ್ಮೆಲೇ ತಿರುಗುತ್ತದೆ, 33.75ಕ್ಕೆ ಗಾಜು ಒಡೆಯುತ್ತದೆ, 41.48ಕ್ಕೆ ಕಾರು ಸೇತುವೆಯಿಂದ ಹಾರುತ್ತದೆ.

128 ಬಿಪಿಎಂ ಹಾಕಿ ನೋಡೋಣ. 60 ಭಾಗಿಸು 128, ಅಂದರೆ ಒಂದು ಬೀಟ್‌ಗೆ 0.46875 ಸೆಕೆಂಡ್. 11.25 ಸೆಕೆಂಡಿಗೆ ಸರಿಯಾಗಿ 24 ಬೀಟ್ ಆಗುತ್ತದೆ, ನಾಲ್ಕು ಬೀಟಿಗೆ ಒಂದು ಬಾರ್ ಅಂದರೆ ಆರು ಬಾರ್. 33.75ಕ್ಕೆ 72 ಬೀಟ್, ಹದಿನೆಂಟು ಬಾರ್. ಎರಡೂ ಬಾರಿನ ಮೊದಲ ಹೊಡೆತಕ್ಕೇ ಬಂದು ಕೂತವು. ಮೂರನೆಯದು ಕೈಕೊಡುತ್ತದೆ: 41.48ಕ್ಕೆ 88 ಬೀಟ್ ಮುಗಿದು ಇನ್ನೊಂದು ಅರ್ಧ ಬೀಟ್. ಇಲ್ಲಿ ಟೆಂಪೋ ಬದಲಾಯಿಸಬೇಡಿ. ಗಾಜು ಒಡೆದ ಮೇಲಿನ ನಾಲ್ಕು ಬಾರ್‌ಗಳಲ್ಲಿ ಕೊನೆಯದಕ್ಕೆ ಅರ್ಧ ಬೀಟ್ ಸೇರಿಸಿ. 4/4 ಹೋಗಿ ಆ ಒಂದು ಬಾರ್ 9/8 ಆಗುತ್ತದೆ. ಕೇಳುವವರಿಗೆ ಅದು ಲೆಕ್ಕ ಅನ್ನಿಸುವುದಿಲ್ಲ. ನೆಲ ಒಂದು ಕ್ಷಣ ತಡವಾಗಿ ಸಿಕ್ಕಿದ ಹಾಗೆ ಅನ್ನಿಸುತ್ತದೆ. ಕಾರು ಗಾಳಿಯಲ್ಲಿರುವಾಗ ಬೇಕಾದದ್ದೂ ಅದೇ ತಾನೇ?

ಮೂರು ಜಾಗವೂ ಸಿಗುವ ಟೆಂಪೋ ಇಲ್ಲದಿದ್ದರೆ ಯಾವುದು ಮುಖ್ಯ ಅಂತ ನಿರ್ದೇಶಕರನ್ನೇ ಕೇಳಿ, ಅದೊಂದನ್ನು ಹಿಡಿಯಿರಿ.

ಎಷ್ಟು ನಿಖರವಾಗಿ ಕೂರಬೇಕು?

ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಓಡುತ್ತದೆ, ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಹೊಡೆತ ಚಿತ್ರಕ್ಕಿಂತ ಒಂದು ಫ್ರೇಮ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಅದೇ ಚೆನ್ನಾಗಿ ಕೇಳಿಸುತ್ತದೆ. ದೂರದಲ್ಲಿ ನಡೆದದ್ದು ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ ಬಂದು ನಮಗೆ ರೂಢಿ ಇದೆ. ಮುಂಚೆ ಬಂದರೆ ಮಾತ್ರ ತಕ್ಷಣ ಸಿಕ್ಕಿಬೀಳುತ್ತದೆ.

ಪ್ರತಿ ಗುದ್ದಿಗೂ ಒಂದು ಹೊಡೆತ ಹಾಕಬೇಕಾ?

ಬೇಡ. ಕಾರ್ಟೂನ್ ಆಗುತ್ತದೆ. ಗುದ್ದಿನ ಸದ್ದು ಕೊಡಲು ಸೌಂಡ್ ಎಫೆಕ್ಟ್ಸ್‌ನವರಿದ್ದಾರೆ. ಒಂದು ಫೈಟ್‌ನಲ್ಲಿ ಎರಡು, ಹೆಚ್ಚೆಂದರೆ ಮೂರು ಜಾಗ ಹಿಡಿಯಿರಿ. ಅದೂ ಗುದ್ದು ಬಿದ್ದಾಗ ಅಲ್ಲ, ಯಾರ ಕೈ ಮೇಲಾಯಿತು ಅನ್ನುವುದು ಬದಲಾದಾಗ.

ಯಾವ ಸಿಂಥ್ ಬೇಕು? ಹಳೆಯ ಅನಲಾಗ್ ಯಂತ್ರವೇ ಆಗಬೇಕಾ?

ಆಗಬೇಕಿಲ್ಲ. ಸರ್ಜ್ ಎಕ್ಸ್‌ಟಿ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದದ್ದು. ವೈಟಲ್‌ಗೂ ಉಚಿತ ಆವೃತ್ತಿ ಇದೆ. ಇವೆರಡರಲ್ಲಿ ಒಂದು ಚಿತ್ರ ಪೂರ್ತಿ ಮುಗಿಸಬಹುದು.

ಆದರೂ ಹಳೆಯ ಯಂತ್ರಗಳು ಏನು ಮಾಡುತ್ತಿದ್ದವು ಅಂತ ತಿಳಿದಿರಲಿ. ನಮ್ಮ ಕಿವಿಯಲ್ಲಿ ಕೂತಿರುವುದು ಅವುಗಳ ಸದ್ದೇ. 1970ರ ಮಿನಿಮೂಗ್‌ನಲ್ಲಿ ಒಂದು ಸಲಕ್ಕೆ ಒಂದೇ ನೋಟು. ಆದರೆ ಸದ್ದಿನ ಅಲೆ ಹುಟ್ಟಿಸುವ ಮೂರು ಆಸಿಲೇಟರ್ ಸೇರಿ ಆ ನೋಟು ದಪ್ಪವಾಗುತ್ತಿತ್ತು, ಬಾಸ್‌ಗೆ ಹೇಳಿ ಮಾಡಿಸಿದ ಹಾಗಿತ್ತು. 1978ರ ಪ್ರಾಫೆಟ್-5ರಲ್ಲಿ ಐದು ನೋಟು ಒಟ್ಟಿಗೆ ಬರುತ್ತಿದ್ದವು, ಜೊತೆಗೆ ಮಾಡಿಟ್ಟ ಸದ್ದನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳಬಹುದಿತ್ತು. ಸಂಗೀತಗಾರ ವ್ಯಾಂಗೆಲಿಸ್ ಪ್ರಸಿದ್ಧಿಗೆ ತಂದ ಯಮಾಹಾ ಸಿಎಸ್-80ಯಲ್ಲಿ ಪ್ರತಿ ಕೀಯನ್ನೂ ಒತ್ತಿ ಹಿಡಿದಷ್ಟು ಸದ್ದು ಬೇರೆ ಬೇರೆಯಾಗಿ ಬದಲಾಗುತ್ತಿತ್ತು. 1983ರ ಡಿಎಕ್ಸ್7 ಎಫ್‌ಎಂ (ಒಂದು ಅಲೆಯಿಂದ ಇನ್ನೊಂದರ ಕಂಪನ ಬದಲಾಯಿಸುವ) ವಿಧಾನದ್ದು. ಗಾಜಿನಂಥ, ಗಂಟೆಯಂಥ, ಲೋಹದಂಥ ಸದ್ದು. ಅದನ್ನೇ ಹೋಲುವ ಡೆಕ್ಸ್ಡ್ ಅನ್ನುವ ಪ್ಲಗಿನ್ ಉಚಿತವಾಗಿ ಸಿಗುತ್ತದೆ.

ನಿಮಗೆ ಬೇಕಾದದ್ದು ಮೂರು ಸದ್ದು: ಕೆಳಗೆ ಮಿಡಿಯುವ ಒಂದು ಬಾಸ್, ನಿಧಾನ ಅರಳುವ ಒಂದು ಪ್ಯಾಡ್, ಚುಚ್ಚುವ ಒಂದು ಮೇಲಿನ ಸದ್ದು. ಚಿತ್ರ ಪೂರ್ತಿ ಇವೇ ಇರಲಿ. ಪ್ರತಿ ದೃಶ್ಯಕ್ಕೂ ಹೊಸ ಪ್ರೀಸೆಟ್ ಹುಡುಕುತ್ತಾ ಹೋದರೆ ಸ್ಕೋರ್ ಹೋಗಿ ಪ್ಲಗಿನ್ ಕಂಪನಿಯ ಡೆಮೊ ಆಗುತ್ತದೆ.

ಒಂದೇ ಪಲ್ಸ್ (ಒಂದೇ ಸಮ ಮಿಡಿಯುವ ನೋಟು) ಮೂರು ನಿಮಿಷ ಓಡಿದರೆ ಬೇಜಾರಾಗಲ್ವಾ?

ನೋಟು ಬದಲಾಯಿಸದೆ ಬಣ್ಣ ಬದಲಾಯಿಸಿದರೆ ಆಗುವುದಿಲ್ಲ. ಈ ಶೈಲಿಯ ಜೀವ ಇರುವುದು ಫಿಲ್ಟರ್‌ನಲ್ಲಿ.

ಒಂದು ಸಾ-ಟೂತ್ ಅಲೆ ತಗೊಳ್ಳಿ, ಕೆಳಗಿನ ಇ ನೋಟಿನಲ್ಲಿ 16ನೇ ನೋಟುಗಳನ್ನು ಓಡಿಸಿ. ಮೇಲಿನ ಕಂಪನಗಳನ್ನು ಕಡಿಯುವ ಲೋ-ಪಾಸ್ ಫಿಲ್ಟರ್ ಹಾಕಿ, ಆ ಕಡಿತ ಶುರುವಾಗುವ ಕಟ್‌ಆಫ್ ಅನ್ನು ಸುಮಾರು 200 ಹರ್ಟ್ಸ್‌ಗೆ ಇಳಿಸಿ. ಈಗ ಕೇಳಿಸುವುದು ಗೋಡೆಯಾಚೆ ಯಾರೋ ಮೋಟಾರ್ ಓಡಿಸುತ್ತಿರುವಂಥ ಗುಡುಗುಡು ಮಾತ್ರ. ಪಾತ್ರಗಳು ಪಿಸುಗುಟ್ಟುತ್ತಿದ್ದರೂ ಇದು ಅಡ್ಡ ಬರುವುದಿಲ್ಲ. ಆಮೇಲೆ ನಿಧಾನ ತೆರೆಯಿರಿ. ಆದರೆ ಒಂದೇ ಸಮ ಮೇಲೇರುವ ಗೆರೆ ಎಳೆಯಬೇಡಿ. ಅಂಥ ಗೆರೆಯನ್ನು ಕಿವಿ ಹತ್ತು ಸೆಕೆಂಡಿನಲ್ಲಿ ಊಹಿಸಿಬಿಡುತ್ತದೆ. ದೃಶ್ಯ ನೋಡಿ ತೆರೆಯಿರಿ. ನಾಯಕಿ ಬಾಗಿಲ ಹಿಡಿಕೆ ಮುಟ್ಟಿದಾಗ 400ಕ್ಕೆ. ಒಳಗೆ ಯಾರೂ ಇಲ್ಲ ಅಂತ ಗೊತ್ತಾದಾಗ ವಾಪಸ್ 250ಕ್ಕೆ. ಹಿಂದಿನಿಂದ ನೆರಳು ಹಾದಾಗ ಸೀದಾ 1,500ಕ್ಕೆ. ಓಟ ಶುರುವಾದ ಮೇಲೆ 3,000, 4,000. ನೋಟು ಅದೇ, ವೇಗವೂ ಅದೇ. ಬದಲಾದದ್ದು ಫಿಲ್ಟರ್ ಒಂದೇ, ಆದರೂ ದೃಶ್ಯ ಎದ್ದು ನಿಂತಿರುತ್ತದೆ.

ರೆಸೊನೆನ್ಸ್, ಅಂದರೆ ಕಡಿತದ ಅಂಚಿನ ಕಂಪನಗಳನ್ನು ಎತ್ತಿ ಹಿಡಿಯುವುದು, ಹಿತಮಿತವಾಗಿರಲಿ. ಜಾಸ್ತಿ ಮಾಡಿದರೆ ಸಿಳ್ಳೆ ಹೊಡೆದ ಹಾಗೆ ಆಗಿ ಮಾತನ್ನು ಕುಕ್ಕುತ್ತದೆ. ಫಿಲ್ಟರ್‌ನ ಇಳಿಜಾರನ್ನೂ ಬದಲಾಯಿಸಿ ನೋಡಿ. ಆಕ್ಟೇವ್‌ಗೆ 24 ಡಿಬಿ ಕಡಿಯುವುದು ಹೆಚ್ಚು ಕತ್ತಲು, 12 ಡಿಬಿಯದು ಸ್ವಲ್ಪ ಒರಟು. ಕೈಯಲ್ಲಿ ನಾಬ್ ಹಿಡಿದು ಚಿತ್ರ ನೋಡುತ್ತಾ ಒಂದೇ ಸಲಕ್ಕೆ ರೆಕಾರ್ಡ್ ಮಾಡಿದರೆ ಮೌಸ್‌ನಲ್ಲಿ ಎಳೆದ ಗೆರೆಗಿಂತ ಚೆನ್ನಾಗಿ ಬರುತ್ತದೆ. ಕೈ ಸ್ವಲ್ಪ ತಡವರಿಸುವುದೇ ಇಲ್ಲಿ ಲಾಭ.

ನನಗೆ ಗಿಟಾರ್ ನುಡಿಸಲು ಬರಲ್ಲ. ಸ್ಯಾಂಪಲ್‌ನಲ್ಲಿ ಮಾಡಬಹುದಾ?

ಪಾಮ್ ಮ್ಯೂಟ್ ಮಾಡಿದ, ಅಂದರೆ ಅಂಗೈಯಿಂದ ತಂತಿ ಅದುಮಿ ಹೊಡೆದ, ರಿದಮ್ ಗಿಟಾರ್ ಸ್ಯಾಂಪಲ್‌ನಲ್ಲಿ ಚೆನ್ನಾಗಿಯೇ ಬರುತ್ತದೆ, ಅದು ಹೇಗೂ ಯಂತ್ರದ ಹತ್ತಿರದ ಸದ್ದು. ಎಳೆದು ನುಡಿಸುವ ಲೀಡ್ ಮಾತ್ರ ಬರುವುದಿಲ್ಲ. ಅಲ್ಲಿ ಒಬ್ಬ ವಾದಕರನ್ನು ಕರೆಯಿರಿ, ಅದಕ್ಕೇ ದುಡ್ಡು ಉಳಿಸಿಟ್ಟುಕೊಳ್ಳಿ.

ಅವರು ನುಡಿಸುವಾಗ ಎರಡು ಟ್ರ್ಯಾಕ್ ತಗೊಳ್ಳಿ: ಆಂಪ್‌ನ ಸದ್ದು ಒಂದು, ಗಿಟಾರ್‌ನಿಂದ ನೇರ ಬಂದ ಸ್ವಚ್ಛ ಸಿಗ್ನಲ್ ಇನ್ನೊಂದು. ಎರಡನೆಯದನ್ನು ಡಿಐ ಅನ್ನುತ್ತಾರೆ. ನಾಳೆ ನಿರ್ದೇಶಕರು "ಗಿಟಾರ್ ಇಷ್ಟು ಸಿಟ್ಟಲ್ಲಿರೋದು ಬೇಡ" ಅಂದರೆ ವಾದಕರನ್ನು ಮತ್ತೆ ಕರೆಸದೆ ಡಿಐಯನ್ನೇ ಬೇರೆ ಆಂಪ್‌ಗೆ ಕಳಿಸಿ ಸದ್ದು ಬದಲಾಯಿಸಬಹುದು.

ಎಡಕ್ಕೊಂದು ಬಲಕ್ಕೊಂದು ರಿದಮ್ ಗಿಟಾರ್ ಬೇಕಾದರೆ ಎರಡು ಸಲ ನುಡಿಸಿಸಿ. ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲ ಬರುವುದಿಲ್ಲ, ನಡುವೆ ಜೋರಾಗಿ ಕೇಳಿಸುತ್ತದೆ ಅಷ್ಟೇ. ಎರಡು ನುಡಿಸಾಣಿಕೆಯ ನಡುವಿನ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ಆ ಅಗಲ ಹುಟ್ಟುವುದು.

ಗಿಟಾರ್ ಕಾರ್ಡ್ ಮತ್ತು ಸಿಂಥ್ ಕಾರ್ಡ್ ಸೇರಿಸಿದರೆ ರಾಡಿ ಆಗುತ್ತದೆ. ಯಾಕೆ?

ಡಿಸ್ಟಾರ್ಷನ್‌ನಿಂದ, ಅಂದರೆ ಗಿಟಾರ್ ಸದ್ದನ್ನು ಬೇಕಂತಲೇ ಒಡೆಯುವ ಎಫೆಕ್ಟ್‌ನಿಂದ. ಡಿಸ್ಟಾರ್ಷನ್‌ಗೆ ಎರಡು ನೋಟು ಒಟ್ಟಿಗೆ ಕೊಟ್ಟರೆ ಅದು ಆ ಎರಡರ ಮೊತ್ತ ಮತ್ತು ವ್ಯತ್ಯಾಸಕ್ಕೆ ಸಮನಾದ ಹೊಸ ಕಂಪನಗಳನ್ನೂ ಹುಟ್ಟಿಸುತ್ತದೆ. ನೀವು ನುಡಿಸದ ನೋಟುಗಳು ಅವು.

ಗಿಟಾರ್‌ನ ದಪ್ಪ ತಂತಿ ಇ, ಅಂದರೆ 82.4 ಹರ್ಟ್ಸ್. ಅದರ ಪಂಚಮ ಬಿ, 123.5. ಎರಡನ್ನೂ ಒಟ್ಟಿಗೆ ಹೊಡೆದರೆ ವ್ಯತ್ಯಾಸ ಸುಮಾರು 41. ಅದು ಕೆಳಗಿನ ಆಕ್ಟೇವ್‌ನ ಇ. ಬಾಸ್ ಇಲ್ಲದೆಯೇ ಬಾಸ್ ಬಂತು! ಇಂಥ ಷಡ್ಜ-ಪಂಚಮದ ಜೋಡಿಗೆ, ಅಂದರೆ ಪವರ್ ಕಾರ್ಡ್‌ಗೆ, ಆ ಭಾರ ಬರುವುದು ಹೀಗೆ. ಈಗ ಬಿ ಬದಲು ಜಿ ಇಡಿ, 98 ಹರ್ಟ್ಸ್, ಮೈನರ್ ಥರ್ಡ್. ಮೊತ್ತ ಸುಮಾರು 180. ಅದು ಎಫ್‌ಗೂ ಎಫ್ ಶಾರ್ಪ್‌ಗೂ ನಡುವೆ ಎಲ್ಲೋ ಬೀಳುತ್ತದೆ, ಯಾವ ಶ್ರುತಿಗೂ ಸೇರದ ಸದ್ದು. ವ್ಯತ್ಯಾಸ ಸುಮಾರು 16, ಕಿವಿಗೆ ನೋಟಾಗಿ ಕೇಳದೆ ಬರೀ ನಡುಕವಾಗಿ ಬರುತ್ತದೆ. ಇದರ ಮೇಲೆ ಸಿಂಥ್ ಪ್ಯಾಡ್‌ನಲ್ಲಿ ಪೂರ್ತಿ ಕಾರ್ಡ್ ಹಿಡಿದರೆ ರಾಡಿ ಆಗದೆ ಇನ್ನೇನು?

ಪರಿಹಾರ ಸುಲಭ. ಗಿಟಾರ್ ಷಡ್ಜ-ಪಂಚಮ ಮಾತ್ರ ಹಿಡಿಯಲಿ. ಮೈನರ್ ಅಥವಾ ಮೇಜರ್ ಅಂತ ಹೇಳುವ ಗಾಂಧಾರವನ್ನು ಸಿಂಥ್‌ಗೆ ಕೊಡಿ, ಒಂದೆರಡು ಆಕ್ಟೇವ್ ಮೇಲೆ. ಆಮೇಲೆ ಆ ಒಂದು ನೋಟನ್ನು ಬದಲಾಯಿಸಿದರೆ ಸಾಕು, ಕೆಳಗೆ ಗಿಟಾರ್ ಅದೇ ನುಡಿಸುತ್ತಿದ್ದರೂ ದೃಶ್ಯದ ಭಾವ ತಿರುಗುತ್ತದೆ.

ಯಾವ ಕೀ, ಯಾವ ಸ್ಕೇಲ್?

ಇ ಅಥವಾ ಡಿ. ಗಿಟಾರ್‌ನ ಖಾಲಿ ತಂತಿ ಬಿಟ್ಟು ಹೊಡೆಯಬಹುದು ಅನ್ನುವುದೇ ಕಾರಣ. ಡಿ ಬೇಕಾದರೆ ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿಕೊಂಡರಾಯಿತು, ಡ್ರಾಪ್ ಡಿ ಅನ್ನುವುದು ಇದನ್ನೇ.

ಸ್ಕೇಲ್ ವಿಷಯದಲ್ಲಿ ಅಪಾಯಕ್ಕೆ ಫ್ರಿಜಿಯನ್ ಚೆನ್ನಾಗಿ ಒದಗುತ್ತದೆ. ಕರ್ನಾಟಕ ಸಂಗೀತ ಕೇಳಿದವರಿಗೆ ಹನುಮತೋಡಿಯ ಸ್ವರಗಳು ಅಂದರೆ ಬೇಗ ಗೊತ್ತಾಗುತ್ತದೆ. ಷಡ್ಜದ ಪಕ್ಕದಲ್ಲೇ ಕೂತ ಆ ಶುದ್ಧ ರಿಷಭ, ಅಂದರೆ ಇ ಪಕ್ಕದ ಎಫ್, ಸುಮ್ನೆ ಒಂದು ಸಲ ಮುಟ್ಟಿ ಬಂದರೂ ಕೆಲಸ ಆಗುತ್ತದೆ. ಗಮಕ ಮಾತ್ರ ಹಾಕಬೇಡಿ, ಬೇರೆ ಚಿತ್ರ ಶುರುವಾಗುತ್ತದೆ. ನಾಯಕ ಎದ್ದು ನಿಲ್ಲುವ ಜಾಗಕ್ಕೆ ನಾನು ನಟಭೈರವಿಯ ಸ್ವರಗಳ ಕಡೆ, ಅಂದರೆ ಸಾದಾ ಮೈನರ್ ಕಡೆ ಹೋಗುತ್ತೇನೆ.

7/8, 5/4 ಥರದ ತಾಳಗಳು ಬೇಕಾ?

ಬೇಕೆನಿಸಿದರೆ ಹಾಕಿ. ಮಿಶ್ರ ನಡೆ, ಖಂಡ ನಡೆ ಕೇಳಿ ಬೆಳೆದ ಕಿವಿಗೆ ಇದು ಕಷ್ಟವೂ ಅಲ್ಲ. 1984ರ 'ದಿ ಟರ್ಮಿನೇಟರ್'ಗೆ ಬ್ರ್ಯಾಡ್ ಫೀಡೆಲ್ ಮಾಡಿದ ಥೀಮ್‌ನ ತಾಳ ಸಾಮಾನ್ಯವಾಗಿ 13/16 ಅಂತ ಎಣಿಸಲಾಗುತ್ತದೆ. ಯಂತ್ರದಲ್ಲಿ ಕೈಯಾರೆ ಮಾಡಿಕೊಂಡ ಲೂಪ್ ಒಂದು ಕೂದಲೆಳೆಯಷ್ಟು ಮೊದಲೇ ತಿರುಗುತ್ತಿತ್ತು, ಅದು ಇಷ್ಟವಾಗಿ ಹಾಗೇ ಬಿಟ್ಟರು. ಕುಂಟುತ್ತಲೇ ಬೆನ್ನಟ್ಟುವ ಯಂತ್ರಕ್ಕೆ ಅದಕ್ಕಿಂತ ಒಪ್ಪುವ ತಾಳ ಬೇಕೆಂದರೂ ಸಿಗುತ್ತಿರಲಿಲ್ಲ. ಲೆಕ್ಕ ತೋರಿಸಿಕೊಳ್ಳಲು ಮಾತ್ರ ಹಾಕಬೇಡಿ.

ಡ್ರಮ್ಸ್ ಯಂತ್ರದ್ದೋ, ನಿಜವಾದದ್ದೋ?

ಎರಡನ್ನೂ ಬೆರೆಸಿ. ಕಿಕ್ ಮತ್ತು ಸ್ನೇರ್ ಯಂತ್ರದಿಂದ, ಟಾಮ್‌ಗಳು ನಿಜವಾದ ಡ್ರಮ್‌ನಿಂದ. ಟಾಮ್‌ನಲ್ಲಿ ಕೈಬಲ ಚೆನ್ನಾಗಿ ಕೇಳಿಸುತ್ತದೆ.

ಸಿಂಬಲ್ ಆದಷ್ಟು ಕಡಿಮೆ ಇರಲಿ. ಕ್ರ್ಯಾಶ್ ಸಿಂಬಲ್, ಡಿಸ್ಟಾರ್ಷನ್ ಗಿಟಾರ್‌ನ ಮೇಲಿನ ಚರಚರ, ಒಡೆಯುವ ಗಾಜು, ಉಜ್ಜುವ ಲೋಹ, ಎಲ್ಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂರುತ್ತವೆ. ಮಿಕ್ಸ್‌ನಲ್ಲಿ ಮೊದಲು ಸೋಲುವುದು ನಿಮ್ಮ ಸಿಂಬಲ್.

80ರ ದಶಕದ ಆ "ಢಪ್" ಅಂತ ಕತ್ತರಿಸಿ ನಿಲ್ಲುವ ಸ್ನೇರ್ ಬೇಕೆಂದರೆ ದೊಡ್ಡ ರಿವರ್ಬ್ ಹಾಕಿ, ಅದರ ಬಾಲ ಮುಗಿಯುವ ಮೊದಲೇ ಗೇಟ್‌ನಿಂದ ಕತ್ತರಿಸಿ. ಇದನ್ನು ಗೇಟೆಡ್ ರಿವರ್ಬ್ ಅನ್ನುತ್ತಾರೆ.

ಹಾಗೆ ಮಾಡಿದರೆ 80ರ ದಶಕದ ನಕಲು ಅನ್ನಿಸಲ್ವಾ?

ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಅನ್ನಿಸುತ್ತದೆ. ಗೇಟೆಡ್ ಸ್ನೇರ್, ಗಂಟೆಯ ಸಿಂಥ್, ಆರ್ಪೆಜಿಯೇಟರ್ (ಕಾರ್ಡಿನ ನೋಟುಗಳನ್ನು ಒಂದೊಂದಾಗಿ ಓಡಿಸುವುದು), ಕೂಗುವ ಲೀಡ್ ಗಿಟಾರ್ ನಾಲ್ಕೂ ಸೇರಿದರೆ ಜನ ನಗುತ್ತಾರೆ. ಒಂದನ್ನು ಆರಿಸಿಕೊಳ್ಳಿ, ಉಳಿದದ್ದು ಇವತ್ತಿನದಾಗಿರಲಿ. ಚಿತ್ರ ಬೇಕಂತಲೇ ಆ ಕಾಲವನ್ನು ಅಣಕಿಸುತ್ತಿದ್ದರೆ ಆಗ ನಾಲ್ಕೂ ಹಾಕಿ, ಯಾರು ಬೇಡ ಅಂದರು?

ಥೀಮ್ ಬೇಕಾ, ಬರೀ ಬಿಜಿಎಂ ಸಾಕಾ?

ಬೇಕು. ಪಲ್ಸ್, ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು), ಇಂಪ್ಯಾಕ್ಟ್ ಇವೆಲ್ಲ ಇದ್ದೂ ಜನ ಹೊರಗೆ ಬಂದು ಗುನುಗದಿದ್ದರೆ ಚಿತ್ರಕ್ಕೆ ಮುಖ ಇಲ್ಲ ಅಂತಲೇ ಅರ್ಥ. ಆದರೆ ಥೀಮ್ ಚಿಕ್ಕದಿರಲಿ. ನಾಲ್ಕೈದು ನೋಟು ಸಾಕು. ಆಕ್ಷನ್ ದೃಶ್ಯದಲ್ಲಿ ಉದ್ದದ ರಾಗಕ್ಕೆ ಜಾಗವೇ ಸಿಗುವುದಿಲ್ಲ, ನಡುವೆ ಏನಾದರೂ ಸ್ಫೋಟಿಸುತ್ತಲೇ ಇರುತ್ತದೆ.

ಅದನ್ನು ಮೊದಲು ಸಿಂಥ್‌ನಲ್ಲಿ, ಅರ್ಧಂಬರ್ಧ ಕೇಳಿಸಿ. ಇನ್ನೊಂದು ಸಲ ನಿಧಾನವಾಗಿ, ಸೋತ ದೃಶ್ಯದ ಕೆಳಗೆ. ಪೂರ್ತಿಯಾಗಿ, ಗಿಟಾರ್‌ನಲ್ಲಿ, ಒಂದೇ ಒಂದು ಸಲ ಬರಲಿ, ಪಾತ್ರ ತೀರ್ಮಾನ ಮಾಡಿದ ಜಾಗದಲ್ಲಿ. 1986ರ 'ಟಾಪ್ ಗನ್'ನ ಥೀಮ್ ಕೇಳಿ ನೋಡಿ. ಹೆರಾಲ್ಡ್ ಫಾಲ್ಟರ್‌ಮೇಯರ್ ಸಿಂಥ್‌ನ ಹಾಸು ಹಾಕಿದ್ದಾರೆ, ಅದರ ಮೇಲೆ ಸ್ಟೀವ್ ಸ್ಟೀವನ್ಸ್ ಗಿಟಾರ್ ಹಾಡುತ್ತದೆ. ಯಾರು ನೆಲ, ಯಾರು ಮುಖ ಅನ್ನುವುದರಲ್ಲಿ ಗೊಂದಲವೇ ಇಲ್ಲ.

ಗಿಟಾರ್ ಸೋಲೋ ಹಾಕಬಹುದಾ?

ಯಾರೂ ಮಾತಾಡದ, ಏನೂ ಒಡೆಯದ ಇಪ್ಪತ್ತು ಸೆಕೆಂಡ್ ಚಿತ್ರದಲ್ಲಿ ಸಿಕ್ಕರೆ ಹಾಕಿ. ಸಾಮಾನ್ಯವಾಗಿ ಅದು ಸಿಗುವುದು ಕೊನೆಯ ಟೈಟಲ್‌ನಲ್ಲಿ.

ಮಾತು ಇರುವ ಜಾಗದಲ್ಲಿ ಏನು ಮಾಡಲಿ?

ಮಾತು ಸ್ಪಷ್ಟವಾಗಿ ಅರ್ಥವಾಗಲು ಬೇಕಾದ ಮುಖ್ಯ ಜಾಗ ಸುಮಾರು 1,000ದಿಂದ 4,000 ಹರ್ಟ್ಸ್. ಡಿಸ್ಟಾರ್ಷನ್ ಗಿಟಾರ್ ಜೋರಾಗಿ ಕೂಗುವುದೂ ಅಲ್ಲೇ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಮಿಕ್ಸಿಂಗ್ ಎಂಜಿನಿಯರ್ ಗಿಟಾರ್ ಇಳಿಸುತ್ತಾರೆ. ಅವರು ಮಾಡುವುದು ಸರಿಯೇ. ಅದಕ್ಕೆ ಮೊದಲೇ ನೀವೇ ಬಿಟ್ಟುಕೊಡಿ: ಮಾತಿನ ಕೆಳಗೆ ಫಿಲ್ಟರ್ ಮುಚ್ಚಿದ ಪಲ್ಸ್ ಮತ್ತು ಎತ್ತರದಲ್ಲಿ ತೆಳುವಾದ ಒಂದು ನೋಟು, ನಡುವೆ ಖಾಲಿ. ಗಿಟಾರ್ ಬೇಕೇ ಬೇಕಾದರೆ ಎಡ ಬಲದ ತುದಿಗೆ ಸರಿಸಿ. ಥಿಯೇಟರ್‌ನಲ್ಲಿ ಮಾತು ನಡುವಿನ ಸ್ಪೀಕರ್‌ನಿಂದ ಬರುತ್ತದೆ.

ಮಾತಿನ ಲಯವನ್ನೂ ಕೇಳಿಸಿಕೊಳ್ಳಿ. "ನಿನ್ನನ್ನ ಬಿಡಲ್ಲ" ಅಂತ ಒಬ್ಬ ಹೇಳಿದ ಮೇಲೆ ಅರ್ಧ ಸೆಕೆಂಡ್ ಸುಮ್ಮನಿದ್ದು ರಿಫ್ ಶುರುವಾದರೆ ಮಾತಿಗೂ ತೂಕ, ರಿಫ್‌ಗೂ ತೂಕ. ಮಾತಿನ ಮೇಲೆಯೇ ಬಿದ್ದರೆ ಎರಡೂ ಹಾಳು.

ಸ್ಫೋಟ, ಗುಂಡಿನ ಸದ್ದಿನ ಜೊತೆ ನನ್ನ ಬಾಸ್ ಮುಳುಗಿ ಹೋಗುತ್ತದೆ

ಮುಳುಗಲೇಬೇಕು. ಕೆಳಗಿನ 120 ಹರ್ಟ್ಸ್‌ವರೆಗಿನ ಜಾಗಕ್ಕೆ 5.1ರಲ್ಲಿ ಪ್ರತ್ಯೇಕ ಚಾನೆಲ್ ಇದೆ, ಆದರೆ ಅದು ನಿಮ್ಮ ಸ್ವಂತ ಜಾಗ ಅಲ್ಲ. ಸ್ಫೋಟಕ್ಕೆ ಅದರ ಮೇಲೆ ಮೊದಲ ಹಕ್ಕು.

ಸೌಂಡ್ ಡಿಸೈನರ್ ಜೊತೆ ಮೊದಲೇ ಮಾತಾಡಿ. ನಿಮ್ಮ ಡೆಮೊ ಅವರಿಗೆ ಕೊಡಿ, ಅವರ ಒರಟು ಟ್ರ್ಯಾಕ್ ನೀವು ತಗೊಂಡು ಅದರ ಮೇಲೆ ಕೆಲಸ ಮಾಡಿ. ಸ್ಫೋಟಕ್ಕೆ ಮೊದಲಿನ ಒಂದು ಬೀಟ್ ಪೂರ್ತಿ ನಿಲ್ಲಿಸಿ ನೋಡಿ, ಸ್ಫೋಟ ಎರಡು ಪಟ್ಟು ದೊಡ್ಡದಾಗಿ ಕೇಳಿಸುತ್ತದೆ. ಅದರ ನಂತರ ಬಾಸ್‌ಗೆ ಬದಲು ಮೇಲಿನ ಸಿಂಥ್‌ನಿಂದ ವಾಪಸ್ ಬನ್ನಿ. ನಿಮ್ಮೊಳಗೇ ಜಗಳ ಇದ್ದರೆ, ಅಂದರೆ ಕಿಕ್, ಬಾಸ್ ಗಿಟಾರ್, ಸಿಂಥ್ ಬಾಸ್ ಮೂರೂ ಒಂದೇ ಕಡೆ ಗುದ್ದಾಡುತ್ತಿದ್ದರೆ, ಒಂದನ್ನು ತೆಗೆದುಬಿಡಿ. ಸಾಮಾನ್ಯವಾಗಿ ಹೋಗಬೇಕಾದದ್ದು ಬಾಸ್ ಗಿಟಾರ್. ಉಳಿದೆರಡಕ್ಕೆ ಸೈಡ್‌ಚೈನ್ ಹಾಕಿದರೆ ಕಿಕ್ ಬಂದಾಗಲೆಲ್ಲ ಸಿಂಥ್ ಬಾಸ್ ತಾನಾಗಿ ಬಗ್ಗುತ್ತದೆ.

ನಿರ್ದೇಶಕರಿಗೆ ಟೆಂಪ್ ಟ್ರ್ಯಾಕ್ ಮೇಲೆ ಪ್ರೀತಿ ಹುಟ್ಟಿಬಿಟ್ಟಿದೆ. ಏನು ಮಾಡಲಿ?

ಎಡಿಟ್ ಮಾಡುವಾಗ ಬೇರೆ ಚಿತ್ರದ ಸಂಗೀತ ತಾತ್ಕಾಲಿಕವಾಗಿ ಹಾಕಿರುತ್ತಾರೆ. ನೂರು ಸಲ ಅದನ್ನೇ ಕೇಳಿದ ಮೇಲೆ ಬೇರೆ ಯಾವುದೂ ರುಚಿಸುವುದಿಲ್ಲ, ಸಹಜ. ನಕಲು ಮಾಡಲು ಹೋಗಬೇಡಿ. ಕಾನೂನಿನ ತೊಂದರೆ ಒಂದು ಕಡೆ, ಮೂಲದಷ್ಟು ಚೆನ್ನಾಗಿಯೂ ಬರುವುದಿಲ್ಲ.

ಬದಲಿಗೆ ಕೇಳಿ: ಅದರಲ್ಲಿ ನಿಮಗೆ ಇಷ್ಟವಾದದ್ದು ಏನು? ಬಹಳಷ್ಟು ಸಲ ಉತ್ತರ ವೇಗ, ಅಥವಾ ಯಾವುದೋ ಒಂದು ಕಡೆ ಸಂಗೀತ ನಿಲ್ಲುವುದು. ರಾಗ ಆಗಿರುವುದೇ ಅಪರೂಪ. ಆ ವೇಗ, ಆ ನಿಲುಗಡೆ ಇಟ್ಟುಕೊಂಡು ಉಳಿದದ್ದನ್ನು ನಿಮ್ಮದು ಮಾಡಿ. ಸಾಧ್ಯವಾದರೆ ಎಡಿಟ್ ಶುರುವಾಗುವ ಮೊದಲೇ ನಿಮ್ಮ ಪಲ್ಸ್ ನಾಲ್ಕೈದು ವೇಗದಲ್ಲಿ ಮಾಡಿ ಎಡಿಟರ್ ಕೈಗೆ ಕೊಡಿ. ಅವರು ಅದನ್ನೇ ಟೆಂಪ್ ಆಗಿ ಬಳಸಿದರೆ ಜಗಳವೇ ಇಲ್ಲ.

ಎಡಿಟ್ ಲಾಕ್ ಆಗಿದೆ ಅಂದರು, ಆಮೇಲೂ ಬದಲಾಯಿತು

ಬದಲಾಗುತ್ತದೆ. ಲಾಕ್, ಅಂದರೆ ಎಡಿಟ್ ಇನ್ನು ಬದಲಾಗುವುದಿಲ್ಲ ಅನ್ನುವ ಮಾತು, ಒಂದು ಆಶಯ. ಸಿಂಥ್ ಮತ್ತು ರಿಫ್ ಮೇಲೆ ನಿಂತ ಸ್ಕೋರ್‌ಗೆ ಇಲ್ಲಿ ಒಂದು ಅನುಕೂಲ ಇದೆ, ಬಾರ್ ಲೆಕ್ಕದಲ್ಲಿ ಕತ್ತರಿಸಬಹುದು. 128 ಬಿಪಿಎಂನಲ್ಲಿ 4/4ರ ಒಂದು ಬಾರ್ ಅಂದರೆ 45 ಫ್ರೇಮ್. ಎರಡು ಸೆಕೆಂಡ್ ಕತ್ತರಿಸಿದ್ದಾರೆ ಅಂದರೆ 48 ಫ್ರೇಮ್: ಒಂದು ಬಾರ್ ತೆಗೆದರೆ ಬರೀ ಮೂರು ಫ್ರೇಮ್ ವ್ಯತ್ಯಾಸ ಉಳಿಯುತ್ತದೆ. ಕ್ಯೂ ಅನ್ನು ಮೂರು ಫ್ರೇಮ್ ಮೊದಲೇ ಶುರು ಮಾಡಿದರೆ ಅಥವಾ ಟೆಂಪೋ ಕೂದಲೆಳೆಯಷ್ಟು ಏರಿಸಿದರೆ ಮುಗಿಯಿತು. ಪ್ಯಾಡ್‌ನ ಬಾಲ ಮಾತ್ರ ಕತ್ತರಿಸಿದ ಜಾಗದಲ್ಲಿ ಕೇಳಿಸದ ಹಾಗೆ ಕ್ರಾಸ್‌ಫೇಡ್ ಮಾಡಿ.

"ಇನ್ನೂ ಪವರ್ ಬೇಕು" ಅಂತಾರೆ. ಇನ್ನೇನು ಹಾಕಲಿ?

ಹಾಕಬೇಡಿ, ತೆಗೆಯಿರಿ. ಅಲ್ಲಿಗೆ ಮೊದಲಿನ ಎಂಟು ಬಾರ್ ತೆರೆದು ನೋಡಿ. ಅಲ್ಲೂ ಗಿಟಾರ್, ಅಲ್ಲೂ ಪೂರ್ತಿ ಡ್ರಮ್ಸ್ ಇರುತ್ತದೆ, ನಾನು ಪಂದ್ಯ ಕಟ್ಟುತ್ತೇನೆ. ಅದನ್ನು ಬರೀ ಪಲ್ಸ್‌ಗೆ ಇಳಿಸಿ ಮತ್ತೆ ಕೇಳಿಸಿ, ಕೊನೆಯ ಭಾಗ ಮುಟ್ಟಬೇಡಿ. ಎಷ್ಟೋ ಸಲ "ಹಾಂ, ಈಗ ಬಂತು" ಅನ್ನುತ್ತಾರೆ. ಏನು ಬದಲಾಯಿಸಿದಿರಿ ಅಂತ ಹೇಳಲೇಬೇಕು ಅಂತೇನಿಲ್ಲ.

ಕೊಡುವಾಗ ಹೇಗೆ ಕೊಡಬೇಕು?

48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಒಂದೇ ಸ್ಟೀರಿಯೋ ಫೈಲ್ ಕೊಡಬೇಡಿ, ಸ್ಟೆಮ್‌ಗಳಾಗಿ ಬೇರೆ ಮಾಡಿ: ಡ್ರಮ್ಸ್, ಸಿಂಥ್ ಬಾಸ್, ಪಲ್ಸ್, ಪ್ಯಾಡ್, ರಿದಮ್ ಗಿಟಾರ್, ಲೀಡ್. ಎಲ್ಲ ಫೈಲೂ ಒಂದೇ ಜಾಗದಿಂದ ಶುರುವಾಗಲಿ, ಹೆಸರಲ್ಲಿ ಕ್ಯೂ ನಂಬರ್ ಮತ್ತು ಆವೃತ್ತಿ ಇರಲಿ. "ಫೈನಲ್", "ಫೈನಲ್ ಫೈನಲ್" ಅಂತ ಹೆಸರಿಟ್ಟರೆ ಮಿಕ್ಸಿಂಗ್ ಎಂಜಿನಿಯರ್ ಮನಸ್ಸಲ್ಲೇ ಬೈದುಕೊಳ್ಳುತ್ತಾರೆ. ಮಾಸ್ಟರ್ ಮೇಲೆ ಲಿಮಿಟರ್ ಒತ್ತಿ ಚಪ್ಪಟೆ ಮಾಡಬೇಡಿ, ಸಿನಿಮಾದಲ್ಲಿ ಸದ್ದು ಏರಲು ಇಳಿಯಲು ಜಾಗ ಬೇಕು.

ಫ್ರೇಮ್ ರೇಟ್ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 24 ಮತ್ತು 23.976 ಕೇಳಲು ಒಂದೇ ಥರ, ಆದರೆ ಶೇಕಡಾ 0.1ರ ಆ ವ್ಯತ್ಯಾಸ ಒಂದು ಗಂಟೆಗೆ 3.6 ಸೆಕೆಂಡ್ ಆಗುತ್ತದೆ. ಸಿಂಕ್ ನೋಡಲು ಚಿತ್ರ ಶುರುವಾಗುವ ಎರಡು ಸೆಕೆಂಡ್ ಮೊದಲು ಒಂದು ಫ್ರೇಮ್ ಉದ್ದದ "ಪೀಪ್" ಇಡುವ ರೂಢಿ ಇದೆ, ಟೂ-ಪಾಪ್ ಅಂತ ಹೆಸರು. ನಿಮ್ಮ ರೀಲ್‌ನ ಫೈಲಲ್ಲೂ ಅದೇ ಜಾಗದಲ್ಲಿ ಇರಲಿ.

ಕೊನೆಗೆ ಕ್ಯೂ ಶೀಟ್. ಪ್ರತಿ ತುಣುಕಿನ ಹೆಸರು, ಬರೆದವರು, ಎಷ್ಟು ಹೊತ್ತು ಬಳಕೆಯಾಗಿದೆ, ಹಿನ್ನೆಲೆಯೋ ದೃಶ್ಯದೊಳಗೇ ಕೇಳಿಸುವುದೋ ಅಂತ ತುಂಬಿ. ರಾಯಲ್ಟಿ ಲೆಕ್ಕ ಇದರ ಮೇಲೆಯೇ ನಡೆಯುತ್ತದೆ. ರಿಫ್ ಹುಟ್ಟಿಸಿದ್ದು ಗಿಟಾರ್ ವಾದಕರು ಅಂತಾದರೆ ಪಾಲು ಎಷ್ಟು ಅಂತ ರೆಕಾರ್ಡಿಂಗ್ ದಿನವೇ ಮಾತಾಡಿ, ಅವರ ಹೆಸರೂ ಶೀಟ್‌ನಲ್ಲಿ ಬರಲಿ.